ಸುಣ್ಣದ ಪೆಟ್ಟಿಗೆಯೊಳಗಿನ ಚಕ್ರ

ಹಿತ್ತಾಳೆ ಹಿಡಿಯಲಿಲ್ಲ. ಕರಗಿದ ಹನಿ ಬೀಡು ಕಬ್ಬಿಣದ ಮೇಲೆ ಒಂದು ಕ್ಷಣ ಗುಂಡಗೆ ನಿಂತು, ಜಾರಿ ಇಟ್ಟಿಗೆಯ ಮೇಲೆ ಬಿತ್ತು. ಎರಡನೆಯದೂ ಹಾಗೆಯೇ ಉರುಳಿಹೋಯಿತು. ಅವಳು ಗ್ಯಾಸ್ ಟಾರ್ಚ್ ಹಿಂದಕ್ಕೆಳೆದು ಕಪ್ಪು ಕನ್ನಡಕವನ್ನು ಹಣೆಗೇರಿಸಿದಳು.

"ಬೈಂಡರ್ ಸಾಹೇಬ್ರೇ, ನಿಜ ಹೇಳಿ. ಮುರಿದ ಜಾಗಕ್ಕೆ ಏನು ಸವರಿದ್ರಿ?"

ಬಾಗಿಲಲ್ಲಿ ನಿಂತಿದ್ದ ಬೈಂಡರ್‌ನ ಮುಖ ಅರಳಿತು. "ಗ್ರೀಸ್. ತುಕ್ಕು ಹಿಡೀಬಾರ್ದು ಅಂತ. ನಿನ್ನೆ ಬಿದ್ದು ಮುರಿದಾಗಿಂದ ಮೂರು ಸಲ ತಿಕ್ಕಿದ್ದೀನಿ."

"ಮೂರು ಸಲ!"

"ಯಾಕೆ, ಕಮ್ಮಿ ಆಯ್ತಾ ಮೇಸ್ತ್ರಿಯವರೇ?"

ಕುರ್ಚಿಯಲ್ಲಿ ಕುಳಿತಿದ್ದ ಅವಳ ಅಪ್ಪ ಕೆಮ್ಮಿನ ನಡುವೆಯೇ ನಕ್ಕರು. "ಮಗುವಿನ ನೆತ್ತಿಗೆ ಎಣ್ಣೆ ತಟ್ಟಿದ ಹಾಗೆ ತಟ್ಟಿದ್ದಾನಲ್ಲಮ್ಮ!"

ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಅವನ ಕಿವಿಯ ಹಿಂದೆ ಅಂಟು ಒಣಗಿ ಬೆಳ್ಳಗಾಗಿತ್ತು. ಅದನ್ನು ಹೇಳಿ ಛೇಡಿಸುತ್ತಿದ್ದಳು. ಈಗ ಗಡಿಯಾರ ನೋಡಿದಳು. ಹನ್ನೆರಡಾಗುತ್ತಿತ್ತು.

ಅದು ಎದುರಿಗಿದ್ದ ಅವನ ಪುಸ್ತಕ ಬೈಂಡಿಂಗ್ ಅಂಗಡಿಯ ಪೇಪರ್ ಕಟಿಂಗ್ ಮೆಷಿನ್ನಿನ ಕೈಚಕ್ರ. ಆರು ತೋಳು, ಒಂದು ಮುರಿದಿತ್ತು. ಮುರಿದ ಒಂದನ್ನು ಬೆಸೆಯುವುದು ಕಷ್ಟವಲ್ಲ, ಉಳಿದ ಐದನ್ನು ಉಳಿಸಿಕೊಳ್ಳುವುದು ಕಷ್ಟ. ಕಾದ ತೋಳು ಹಿಗ್ಗುತ್ತದೆ. ಆರುವಾಗ ಕುಗ್ಗಿ ಇಡೀ ಚಕ್ರವನ್ನು ತನ್ನತ್ತ ಎಳೆಯುತ್ತದೆ. ಆರೂ ಒಟ್ಟಿಗೆ ಕಾದು ಒಟ್ಟಿಗೆ ಆರದಿದ್ದರೆ, ಗಟ್ಟಿಯಾಗಿದ್ದ ಇನ್ನೊಂದು ತೋಳು ಸೀಳುತ್ತದೆ. ಅದಕ್ಕೇ ಬೆಳಗಿನಿಂದ ಇಡೀ ಚಕ್ರವನ್ನು ಇದ್ದಲಿನ ಮೇಲೆ ಕಾಯಿಸಿದ್ದಳು.

ಈಗ ಹಿತ್ತಾಳೆ ಅಂಟಬೇಕಾದರೆ ಕಬ್ಬಿಣ ಕುಡಿದ ಗ್ರೀಸನ್ನು ಸುಡಬೇಕಿತ್ತು. ಅದು ಹೋಗುವವರೆಗೆ ಒಂದೇ ಕಡೆ ಜ್ವಾಲೆ ಹಿಡಿದರೆ ಆಚೆ ಬದಿ ತಣಿಯುತ್ತದೆ. ಮತ್ತೆ ಕಾಯಿಸಲು ಇದ್ದಲಿರಲಿಲ್ಲ. ಇದ್ದಲಿನ ಗಾಡಿ ಬರುವುದು ಇನ್ನು ಮೂರು ದಿನಕ್ಕೆ.

"ನಿಮ್ಮಣ್ಣ ನಾಳೆ ಲಾರಿ ತಗೊಂಡು ಎಷ್ಟು ಹೊತ್ತಿಗೆ ಹೊರಡ್ತಾರೆ?"

"ಹನ್ನೆರಡಕ್ಕೆ. ಮೆಷಿನ್ ತಿರುಗಿದ್ರೆ ಇರು, ಇಲ್ಲಾಂದ್ರೆ ಗಂಟುಮೂಟೆ ಕಟ್ಟು ಅಂದುಬಿಟ್ಟಿದ್ದಾನೆ. ಅವನ ಊರಿನ ಪ್ರೆಸ್ಸಲ್ಲಿ ಕೆಲಸಾನೂ ನೋಡಿಟ್ಟಿದ್ದಾನೆ." ಅವನು ತಡೆದ. "ನಾನು ಕೆಡಿಸಿಬಿಟ್ನಾ?"

"ಹೌದು," ಎಂದಳು. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

ಒಂದು ಗಂಟೆ ಸುಟ್ಟಳು, ಹೊಗೆ ನಿಲ್ಲುವವರೆಗೆ. ವೈರ್ ಬ್ರಷ್ಷಿನಿಂದ ಉಜ್ಜಿ, ಹಿತ್ತಾಳೆ ಸಲೀಸಾಗಿ ಹರಿಯಲೆಂದು ಬಿಳಿಗಾರದ ಪುಡಿ ಚಿಮುಕಿಸಿ, ಕಬ್ಬಿಣ ಮಂಕುಗೆಂಪಾದಾಗ ಹಿತ್ತಾಳೆಯ ಸರಳು ತಾಗಿಸಿದಳು. ಈ ಸಲ ಹಿತ್ತಾಳೆ ಹರಡಿ ಹಿಡಿಯಿತು. ಅವನು ಅವಳ ಕೈಯನ್ನೇ ನೋಡುತ್ತಿದ್ದ. ಆ ನೋಟ ಬೆರಳಿನ ಮೇಲೆ ಕೂತಂತಾಗಿ ಅವಳು, "ಆಚೆ ನೋಡಿ, ಬೆಂಕಿ ನೋಡಿದ್ರೆ ಕಣ್ಣು ಹೋಗುತ್ತೆ," ಎಂದಳು.

"ಬೆಂಕಿ ನೋಡ್ತಿಲ್ಲ."

ಸರಳು ಒಂದು ಕ್ಷಣ ತಡವರಿಸಿತು.

ಮೂರು ಗಂಟೆಗೆ ಚಕ್ರ ಸುಣ್ಣದ ಪುಡಿ ತುಂಬಿದ ಪೆಟ್ಟಿಗೆಯೊಳಗೆ ಹೂತುಹೋಯಿತು. ಅದರಲ್ಲಿ ನಿಧಾನವಾಗಿ ಆರಲು ಇಪ್ಪತ್ತನಾಲ್ಕು ಗಂಟೆ ಬೇಕು. ಇದ್ದದ್ದು ಇಪ್ಪತ್ತೊಂದು.

ಮರುದಿನ ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಲಾರಿ ಬಂದು ನಿಂತಿತು. ಮೇಲೆ ಆಗಲೇ ಬೈಂಡರ್‌ನ ಹಾಸಿಗೆ ಸುರುಳಿ, ಬಟ್ಟೆಯ ಗಂಟು ಕೂತಿದ್ದವು. ಅವನ ಅಣ್ಣ ಇಂಜಿನ್ ಆರಿಸದೆಯೇ ಇಳಿದು ಬಂದ.

"ತಂಗೀ, ಒಂದ್ಸಲ ತೆಗೆದು ನೋಡಿಬಿಡಮ್ಮ. ಸರಿಯಾಗಿದ್ರೆ ನಾನು ನನ್ನ ಪಾಡಿಗೆ ಹೋಗ್ತೀನಿ."

ಅವಳು ಪೆಟ್ಟಿಗೆಯ ತಗಡನ್ನು ಮುಟ್ಟಿದಳು. ಇನ್ನೂ ಬಿಸಿ. "ಈಗ ಗಾಳಿ ತಾಗಿದ್ರೆ ಸೀಳುತ್ತೆ ಅಣ್ಣ. ಮೂರಕ್ಕೆ ಮುಂಚೆ ತೆಗೆಯಲ್ಲ."

"ಮೂರರವರೆಗೆ ಲಾರಿ ನಿಲ್ಸಿದ್ರೆ ನನ್ನ ಮಾಲೀಕ ನನ್ನ ಚರ್ಮ ಸುಲೀತಾನೆ. ಹೋಗ್ಲಿ, ಮೂರಕ್ಕೆ ತೆಗೆದ್ರೆ ಗಟ್ಟಿಯಾಗಿರುತ್ತೆ ಅಂತ ಮಾತು ಕೊಡ್ತೀಯಾ? ನಿನ್ನ ಮಾತು ಸಾಕು, ಇವನನ್ನ ಬಿಟ್ಟು ಹೋಗ್ತೀನಿ."

ಹೂಂ ಎಂದರೆ ಸಾಕಿತ್ತು. ಒಂದಕ್ಷರ.

"ಕೊಡಲ್ಲ," ಎಂದಳು. "ಸೀಳೋ ಸಾಧ್ಯತೆನೇ ಜಾಸ್ತಿ."

ಅಣ್ಣ ತಮ್ಮನತ್ತ ತಿರುಗಿದ. "ಕೇಳಿದ್ಯಾ? ಲಾರಿ ಹತ್ತು. ಮೆಷಿನ್ ಆಮೇಲೆ ಬಂದು ಒಯ್ಯೋಣ."

ಬೈಂಡರ್ ಅಲುಗಲಿಲ್ಲ. "ಹೋಗ್ಲಾ ಮೇಸ್ತ್ರಿಯವರೇ?"

ಎರಡು ವರ್ಷ ಅವರು ಮಾತಾಡಿದ್ದೆಲ್ಲ ಅಂಟು, ಕಾಗದ, ಹಿತ್ತಾಳೆಯ ವಿಷಯ. ಉಳಿದದ್ದಕ್ಕೆ ಇನ್ನೂ ಸಮಯವಿದೆ ಎಂದುಕೊಂಡಿದ್ದಳು. ಇಂಜಿನ್ ಗುಡುಗುಡು ಎನ್ನುತ್ತಿತ್ತು.

"ಚಕ್ರಕ್ಕೆ ನಾನು ಗ್ಯಾರಂಟಿ ಕೊಡಲ್ಲ," ಎಂದಳು. "ಅದು ಸೀಳಿದ್ರೂ ನೀವು ಹೋಗಬೇಡಿ. ಎದುರುಗಡೆ ಬಾಗಿಲಿಗೆ ಬೀಗ ಇದ್ರೆ ನನ್ನ ಕೈಲಿ ಇಲ್ಲಿ ಕೂತು ಕೆಲಸ ಮಾಡಕ್ಕಾಗಲ್ಲ. ಅಷ್ಟೇ."

"ಅಷ್ಟೇನಾ?" ಅಪ್ಪ ಕೇಳಿದರು.

"ಅಪ್ಪಾ, ಸುಮ್ನಿರಿ!"

ಬೈಂಡರ್ ಹೋಗಿ ಲಾರಿ ಹತ್ತಿದ. ಅವಳು ಕಣ್ಣು ಮುಚ್ಚಿದಳು. ಧೊಪ್ಪೆಂದು ಏನೋ ಬಿದ್ದ ಸದ್ದು. ಕಣ್ಣು ತೆರೆದರೆ ಹಾಸಿಗೆ ಸುರುಳಿ ರಸ್ತೆಯ ಮೇಲಿತ್ತು. ಗಂಟನ್ನು ಬಗಲಲ್ಲಿ ಒತ್ತಿಕೊಂಡು ಅವನು ಇಳಿಯುತ್ತಿದ್ದ.

"ಅಮ್ಮಂಗೆ ಏನಂತ ಹೇಳ್ಲೋ?" ಅಣ್ಣ ಕೇಳಿದ.

"ಮೆಷಿನ್ ಕೆಟ್ಟಿದೆ, ಅದಕ್ಕೇ ಉಳ್ಕೊಂಡ ಅನ್ನು."

ಅಣ್ಣ ಇಬ್ಬರನ್ನೂ ಒಮ್ಮೆ ನೋಡಿದ. "ಅಮ್ಮ ಅಷ್ಟೊಂದು ಪೆದ್ದಿ ಅಲ್ಲ ಕಣೋ," ಎಂದು ಲಾರಿ ಹತ್ತಿದ.

ಮೂರು ಗಂಟೆಗೆ ಅವಳು ಸುಣ್ಣ ಸರಿಸಿದಳು. ಬೆಸೆದ ಜಾಗ ಬಂಗಾರದ ಗೆರೆಯಂತೆ ಹೊಳೆಯಿತು, ಗಟ್ಟಿಯಾಗಿತ್ತು. ಚಕ್ರವನ್ನು ನಿಧಾನವಾಗಿ ತಿರುಗಿಸಿದಳು. ಎದುರು ತೋಳಿನಲ್ಲಿ, ಅಂಚಿನ ಬಳಿ, ಕೂದಲೆಳೆಯಷ್ಟು ಸಣ್ಣ ಕಪ್ಪು ಬಿರುಕು. ಅವಳು ನೆಲದ ಮೇಲೆಯೇ ಕುಳಿತುಬಿಟ್ಟಳು.

"ಹೋಯ್ತು. ಪೂರ್ತಿ ಚಕ್ರ ಮತ್ತೆ ಕಾಯಿಸ್ಬೇಕು. ಆಗಲೂ ನಿಲ್ಲುತ್ತೆ ಅಂತ ಹೇಳಕ್ಕಾಗಲ್ಲ. ಅಲ್ಲಿ ಕೆಲಸ ಇತ್ತು ನಿಮಗೆ. ಯಾಕೆ ನನ್ನ ಮಾತು ಕೇಳಿದ್ರಿ?" ಕಣ್ಣೀರು ಹರಿಯುತ್ತಿತ್ತು, ಕೈತುಂಬ ಸುಣ್ಣ, ಒರೆಸಿಕೊಳ್ಳುವಂತಿರಲಿಲ್ಲ. ಅವನು ಪಕ್ಕದಲ್ಲಿ ಕುಳಿತು ಅಂಗಿಯ ತೋಳಿನಿಂದ ಅವಳ ಕೆನ್ನೆ ಒರೆಸಿದ. ಅವಳು ತಡೆಯಲಿಲ್ಲ.

"ಇದ್ದಲು ಬರೋವರೆಗೆ ಚಾಕುವಿನಲ್ಲೇ ಕತ್ತರಿಸ್ತೀನಿ. ದಿನಕ್ಕೆ ಹತ್ತು ಪುಸ್ತಕ ಆಗುತ್ತೆ."

"ಹತ್ತು ಆಗಲ್ಲ," ಎಂದಳು ಬಿಕ್ಕುತ್ತ. "ಆರು. ಹೋದ ವರ್ಷ ಮೆಷಿನ್ನಿನ ಬ್ಲೇಡು ಸಾಣೆಗೆ ಹೋದಾಗ ಅಷ್ಟೇ ಆಗಿದ್ದು. ಐದಾದ ಮೇಲೆ ಒಂದು ಸಲ ಬೆನ್ನು ಹಿಡ್ಕೊಂಡು ಹೊರಗೆ ಬಂದು ನಿಲ್ತೀರಿ."

ಅವನು ಬೆರಗಾಗಿ ಅವಳನ್ನೇ ನೋಡಿದ. "ಎಲ್ಲಾ ನೋಡಿದ್ದೀರಾ?"

"ದಿನಾ."

ಅಪ್ಪ ಕೆಮ್ಮನ್ನು ಅದುಮಿಕೊಂಡು ಎದ್ದು, ಕುರ್ಚಿಯನ್ನು ಎಳೆದುಕೊಂಡು ಹೊರಗೆ ಹೋಗಿ ಬೀದಿಗೆ ಮುಖ ಮಾಡಿ ಕುಳಿತರು. ಮಧ್ಯಾಹ್ನದ ಆ ಬೀದಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.