ದನಿ ಎಳೆಯುವ ಕರಿ ಬುಡ್ಡಿ

ಅದೆಷ್ಟೋ ಕಾಲದ ಹಿಂದೆ, ನೀರು ಇನ್ನೂ ಮಂತ್ರ ಕೇಳುತ್ತಿದ್ದ ದಿನಗಳಲ್ಲಿ, ಹಂಸದುರ್ಗವೆಂಬ ರಾಜ್ಯವಿತ್ತು. ಅಲ್ಲಿನ ಕೆರೆಯ ತಳದಲ್ಲಿ ಜಡೆಮಾರನೆಂಬ ಮಾಂತ್ರಿಕನ ಮನೆ. ಅವನಿಗೆ ಸ್ವಂತ ದನಿಯಿರಲಿಲ್ಲ. ಮಲಗಿದವರ ಬಾಯಿಗೆ ಒಂದು ಕರಿ ಬುಡ್ಡಿ ಹಿಡಿದು ದನಿ ಎಳೆದುಕೊಂಡು, ಗಟಗಟನೆ ಕುಡಿದುಬಿಡುತ್ತಿದ್ದ. ರಾಜನೇ ಮೂಗನಾಗಿದ್ದ. ಆದರೆ ಬುಡ್ಡಿಗೆ ಪಾಚಿ ಕಟ್ಟಿ, ಈಚೆಗೆ ಅದು ದನಿ ಎಳೆಯುತ್ತಿರಲಿಲ್ಲ.

ಊರಿನಲ್ಲಿ ಅತ್ತರಿನ ಬುಡ್ಡಿ ತೊಳೆಯುವ ನಾಗಲೆ ಎಂಬವಳಿದ್ದಳು. ಅವಳ ತಂಗಿ ಮಾಚಲೆ ಮಹಾ ಜಗಳಗಂಟಿ. ಅಕ್ಕ ಹತ್ತಿರ ಬಂದರೆ ಸಾಕು, "ಥೂ ಅಕ್ಕಾ, ಕೈ ಹುಣಸೆಹುಳಿ ನಾರ್ತಿದೆ, ದೂರ ಹೋಗೇ!" ಎನ್ನುವಳು. ಕೊನೆಯದಾಗಿ ದನಿ ಹೋದದ್ದು ಅವಳದೇ. ಮನೆ ಭಣಗುಟ್ಟಿತು. ನಾಗಲೆ ತಡೆಯಲಾರದೆ ಕೆರೆಗೆ ಇಳಿದಳು. ನೀರು ಬಾಗಿಲಿನಂತೆ ತೆರೆಯಿತು.

"ಬಾರಮ್ಮ," ಎಂದ ಜಡೆಮಾರ, ಸತ್ತುಹೋದ ಅಂಬಿಗನ ದನಿಯಲ್ಲಿ. "ಕೆಸರಲ್ಲಿ ಹೂತಿದ್ದ ಮೂರು ಬುಡ್ಡಿಗಳಿವೆ. ತೊಳೆದುಕೊಟ್ಟರೆ ತಂಗಿಯ ದನಿ ಕೊಡ್ತೀನಿ. ಒಂದು ಒಡೆದರೂ ನೀನು ಇಲ್ಲೇ. ತಗೋ, ಕುದಿಯೋ ನೀರು."

ಮೊದಲನೆಯದು ಹಸಿರು ಬುಡ್ಡಿ. ಹೆಣದ ಕೈಯಷ್ಟು ತಣ್ಣಗಿತ್ತು. ತಣ್ಣನೆ ಗಾಜಿಗೆ ಕುದಿನೀರು ಬಿದ್ದರೆ ಸೀಳುತ್ತದೆಂದು ನಾಗಲೆಗೆ ತಿಳಿಯದೇ? ಮಡಿಲಲ್ಲಿಟ್ಟು ಬೆಚ್ಚಗಾಗಿಸಿ, ಬೂದಿ ಹಚ್ಚಿ ತೊಳೆದಳು. ಆಮೇಲೆ ಬಾಯಿಯ ಅಂಚಿಗೆ ತುಟಿಯಿಟ್ಟು ಊದಿದಳು. ಒಳಗೆ ಕೊಳೆ ಉಳಿದಿದ್ದರೆ ಸದ್ದು ಮಂಕಾಗುತ್ತದೆ. ಬುಡ್ಡಿ ತೊಳೆಯುವವರೆಲ್ಲ ಹಾಗೆಯೇ ನೋಡುವುದು. ಬುಡ್ಡಿ ಹೂಂ ಎಂದು ಮೊಳಗಿತು.

ಎರಡನೆಯದರ ಕತ್ತು ಕಿರಿದು. "ಕಬ್ಬಿಣದ ಕಡ್ಡಿ ಹಾಕಿ ಕೆರೆ," ಎಂದ ಜಡೆಮಾರ, ರಾಜನ ದನಿಯಲ್ಲಿ. ನಾಗಲೆ ಕಡ್ಡಿ ಮುಟ್ಟಲಿಲ್ಲ. ನುಚ್ಚಕ್ಕಿ, ಹುಣಸೆನೀರು ಸುರಿದು ಗಿರಗಿರ ತಿರುಗಿಸಿದಳು. ಒಳಗಿನಿಂದ ಯಾರೋ ಉಗುರಿನಿಂದ ಗಾಜು ಪರಚಿದರು. ಅವಳು ಕೈ ನಿಲ್ಲಿಸಲಿಲ್ಲ. ಊದಿದಾಗ ಅದೂ ಮೊಳಗಿತು.

ಮೂರನೆಯದೇ ಕರಿ ಬುಡ್ಡಿ. ಪಾಚಿ ಹೋದಂತೆಲ್ಲ ಗಾಜಿನಲ್ಲಿ ನಾಗಲೆಯ ಮುಖ ಮೂಡಿತು. ಆ ಮುಖಕ್ಕೆ ಬಾಯಿ ಇರಲಿಲ್ಲ.

ಜಡೆಮಾರ ಹತ್ತಿರ ಬಗ್ಗಿದ. ಈಗ ಮಾಚಲೆಯ ದನಿ. "ಅಕ್ಕಾ, ನನ್ನ ಮುದ್ದಿನ ಅಕ್ಕಾ, ಇದನ್ನೂ ಊದಿ ನೋಡೇ."

ನಾಗಲೆ ಬುಡ್ಡಿಯನ್ನು ಎತ್ತಿದಳು. ಅಭ್ಯಾಸಬಲದಿಂದ ಬುಡ್ಡಿ ತುಟಿಯವರೆಗೆ ಬಂದು ನಿಂತಿತು. ಮೊಳಕೈವರೆಗೂ ಹುಳಿ ಮೆತ್ತಿದೆ, ಮಾಚಲೆ ಬೈಯಲಿಲ್ಲವಲ್ಲ! ಕಳ್ಳನಿಗೆ ದನಿ ಸಿಕ್ಕಿತ್ತು, ತಂಗಿ ಸಿಕ್ಕಿರಲಿಲ್ಲ.

"ಊದೇ ಅಕ್ಕಾ..." ಎನ್ನುತ್ತಿದ್ದವನ ಬಾಯಿಗೇ ಅವಳು ಬುಡ್ಡಿ ತಿರುಗಿಸಿ ಒತ್ತಿದಳು. ಮಾಚಲೆ, ರಾಜ, ಅಂಬಿಗ, ಊರಿಗೆ ಊರೇ ಕೂಗುತ್ತ ಅದರೊಳಗೆ ಇಳಿಯಿತು. ಜಡೆಮಾರನಿದ್ದಲ್ಲಿ ಒಂದು ಗುಪ್ಪೆ ಕೆಸರು ಉಳಿಯಿತು.

ದಡಕ್ಕೆ ಬಂದು ನಾಗಲೆ ಬುಡ್ಡಿಯನ್ನು ಕಲ್ಲಿಗೆ ಅಪ್ಪಳಿಸಿದಳು. ದನಿಗಳು ತಮ್ಮ ತಮ್ಮ ಮನೆ ಹುಡುಕಿಕೊಂಡು ಹಾರಿದವು. ಅಂಬಿಗನ ದನಿಗೆ ಮಾತ್ರ ಹೋಗಿ ಸೇರಲು ಒಡೆಯನೇ ಇರಲಿಲ್ಲ. ಅದು ಇಂದಿಗೂ ನೀರಿನ ಮೇಲೆ ಜನರನ್ನು ದೋಣಿಗೆ ಕರೆಯುತ್ತದಂತೆ.

ನಾಗಲೆ ಓಡಿಹೋಗಿ ತಂಗಿಯನ್ನು ತಬ್ಬಿದಳು.

"ಥೂ ಅಕ್ಕಾ, ಕೈ ಹುಣಸೆಹುಳಿ ನಾರ್ತಿದೆ, ದೂರ ಹೋಗೇ!"

ನಾಗಲೆ ಅಳುತ್ತ ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಹಂಸದುರ್ಗದವರು ಅಂದಿನಿಂದ ಬಾಯ್ತುಂಬ ಜಗಳವಾಡಿಕೊಂಡು ಸುಖವಾಗಿದ್ದರು.