ಹತ್ತೊಂಬತ್ತು ನಿಮಿಷ

"ನೀವು ನಿಮ್ಮ ಕೆಲಸ ಮಾಡಿ ಮೇಡಂ. ನಾನು ಟೈಮ್ ನೋಡ್ತೀನಿ, ಅಷ್ಟೆ."

ಮಡಿಕೇರಿಯ ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತವನನ್ನು ಫಾರ್ಮಸಿಸ್ಟ್ ಭವ್ಯಶ್ರೀ ಅಡಿಯಿಂದ ಮುಡಿಯವರೆಗೆ ನೋಡಿದಳು. ಹೆಸರು ಮಂಜೇಶ್, ಮೈಸೂರಿನಿಂದ ಬಂದವನು. ಹೊಸ ಔಷಧಿಗಳ ಟ್ರಯಲ್ ನಡೆಯುವ ಆಸ್ಪತ್ರೆಗಳಲ್ಲಿ ಫಾರ್ಮಸಿಯವರ ಮೇಲೆ ಎಷ್ಟು ಕೆಲಸ ಬೀಳುತ್ತದೆಂದು ಅಳೆಯುವುದೇ ಅವನ ಕೆಲಸ.

"ನಾನೇನು ಓಟದ ಕುದುರೇನಾ?"

"ಅಲ್ಲ ಮೇಡಂ. ಕುದುರೆಗೆ ಇಷ್ಟೊಂದು ಫಾರಂ ತುಂಬೋ ಕಷ್ಟ ಇರಲ್ಲ."

ಅವಳಿಗೆ ನಗು ಬಂತು. ನುಂಗಿಕೊಂಡಳು.

ನುಂಗಿಕೊಳ್ಳಲು ಕಾರಣವಿತ್ತು. ಕೊಡ್ಲಿಪೇಟೆಯ ಈ ಹುಡುಗಿಯನ್ನು ಹಿಂದೊಂದು ಮೆಡಿಕಲ್ ಶಾಪಿನಲ್ಲಿ 'ಕೈ ನಿಧಾನ' ಎಂದು ಕೆಲಸದಿಂದ ಬಿಡಿಸಿದ್ದರು. ಆ ಮಾತಿನ ಗಾಯ ಇನ್ನೂ ಹಸಿಯಾಗಿತ್ತು.

ವಾರಕ್ಕೆರಡು ದಿನ ಮಂಜೇಶ್ ಬರುತ್ತಿದ್ದ. ಫ್ರಿಜ್ಜಿನ ಉಷ್ಣಾಂಶ ಬರೆಯಲು ಎಷ್ಟು ಹೊತ್ತು, ರೋಗಿ ತಂದ ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸಲು ಎಷ್ಟು ಹೊತ್ತು... ಎಲ್ಲವನ್ನೂ ಅವಳೇ ಹಾಳೆಯಲ್ಲಿ ತುಂಬಬೇಕು. ಅವನ ವಾಚು ಅವಳ ಲೆಕ್ಕವನ್ನು ತಾಳೆ ನೋಡಲು ಮಾತ್ರ. ಸಂಜೆ ಕ್ಯಾಂಟೀನಿನಿಂದ ಎರಡು ಕಾಫಿ ತರುತ್ತಿದ್ದ. ಅವಳದಕ್ಕೆ ಸಕ್ಕರೆ ಬೇಡವೆಂದು ಅವನಿಗೆ ಯಾರೂ ಹೇಳಿರಲಿಲ್ಲ, ತಾನೇ ತಿಳಿದುಕೊಂಡಿದ್ದ.

*ಇವನು ನನ್ನನ್ನು ನೋಡುತ್ತಾನೋ, ನನ್ನ ಕೈಯನ್ನೋ?* ಅವಳಿಗೆ ತಿಳಿಯುತ್ತಿರಲಿಲ್ಲ.

ಒಂದು ಗುರುವಾರ ಅಮ್ಮತ್ತಿಯ ಎಸ್ಟೇಟ್ ಕೆಲಸಗಾರ ಜವರ ಬಂದ. ಮಂಡಿನೋವಿನ ಹೊಸ ಮಾತ್ರೆಯ ಟ್ರಯಲ್‌ನಲ್ಲಿ ಅವನೂ ಒಬ್ಬ. ಅವನಿಗೆ ಓದು ಬಾರದು. ಭವ್ಯಶ್ರೀ ಡಬ್ಬಿಯ ಮೇಲೆ ಸೂರ್ಯ, ಚಂದ್ರ ಬರೆದುಕೊಟ್ಟಳು. ಹೆಂಡತಿ ಬೆಳ್ಳಿ ಹೇಗಿದ್ದಾಳೆಂದು ಕೇಳಿದಳು. ಬಸ್ಸಿನ ಹೊತ್ತು ಹೇಳಿ ಕಳಿಸಿದಳು.

ಹಾಳೆಯಲ್ಲಿ ಬರೆದಳು: ನಾಲ್ಕು ನಿಮಿಷ.

ಸಂಜೆ ಕಾಫಿ ಇಡುತ್ತ ಮಂಜೇಶ್ ಮೆಲ್ಲಗೆ ಹೇಳಿದ, "ನನ್ನ ವಾಚಲ್ಲಿ ಹತ್ತೊಂಬತ್ತು ಇದೆ ಮೇಡಂ."

"ಹತ್ತೊಂಬತ್ತು ನಿಮಿಷ ಹರಟೆ ಹೊಡೆದೆ ಅಂತ ಬರೀಲಾ?"

"ಅದು ಹರಟೆ ಅಲ್ಲ..."

"ಅಂದ್ರೆ ನಾನು ಸುಳ್ಳುಗಾತಿ. ನಿಮಗೆ ಬೇಕಾಗಿದ್ದು ಅದೇ ತಾನೇ? ನಾನು ಬರೆದಿದ್ದನ್ನೇ ಕಳಿಸಿ. ಇನ್ಮೇಲೆ ಈ ಕಡೆ ಬರ್ಬೇಡಿ."

ಅವನು ಫೈಲು ಮುಚ್ಚಿ ಹೊರಟುಹೋದ. ಎರಡೂ ಲೋಟದ ಕಾಫಿ ತಣ್ಣಗಾಯಿತು.

ಅವಳು ಬರೆದ ಲೆಕ್ಕವೇ ಮೇಲಕ್ಕೆ ಹೋಯಿತು. 'ಕೆಲಸ ಕಡಿಮೆ, ಒಬ್ಬರೇ ಸಾಕು' ಎಂದಿತು ಆಡಳಿತ. ಬರಬೇಕಿದ್ದ ಎರಡನೇ ಫಾರ್ಮಸಿಸ್ಟ್ ಬರಲಿಲ್ಲ. ಬದಲಿಗೆ ಇನ್ನೊಂದು ಟ್ರಯಲ್ ಅವಳ ತಲೆಗೇ ಬಂತು. ಈಗ ಒಬ್ಬೊಬ್ಬ ರೋಗಿಗೂ ನಿಜವಾಗಿಯೇ ನಾಲ್ಕು ನಿಮಿಷ ಉಳಿಯಿತು.

ಎಂಟು ತಿಂಗಳ ಮೇಲೆ ಜವರ ಖಾಲಿ ಡಬ್ಬಿ ತಂದ. ಲೆಕ್ಕ ಸರಿಯಾಗಿತ್ತು. ಅವನ ಮುಖ ಮಾತ್ರ ಸರಿಯಿರಲಿಲ್ಲ.

"ಏನಾಯ್ತು ಜವರಣ್ಣ?"

"ಬೆಳ್ಳಿ ತಲೆ ತಿರುಗಿ ಬಿದ್ದು ಕೈ ಮುರ್ಕೊಂಡ್ಳು ಅಮ್ಮ. ಅವಳಿಗೂ ಮಂಡಿನೋವಲ್ವಾ, ಒಂದೊಂದು ಮಾತ್ರೆನೂ ಮುರಿದು ಅರ್ಧ ಅರ್ಧ ತಿಂದ್ವಿ. ನಮ್ಮನೇಲಿ ಏನು ಬಂದ್ರೂ ಇಬ್ರಿಗೂ ಪಾಲು."

ಭವ್ಯಶ್ರೀಯ ಕೈ ಎಣಿಸುವ ತಟ್ಟೆಯ ಮೇಲೇ ನಿಂತಿತು.

"ಮೊದ್ಲು ನೀವು ಬೆಳ್ಳಿ ಹೆಂಗವ್ಳೆ ಅಂತ ಕೇಳ್ತಿದ್ರಿ. ಕೇಳಿದ್ರೆ ಹೇಳ್ತಿದ್ದೆ. ಈಗೀಗ ಕೇಳ್ತಾನೇ ಇಲ್ಲ."

ಅವನ ದನಿಯಲ್ಲಿ ದೂರಿರಲಿಲ್ಲ. ಅದೇ ಅವಳನ್ನು ಸುಟ್ಟಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ವಿಷಯವನ್ನು ತಕ್ಷಣ ಟ್ರಯಲ್ ಡಾಕ್ಟರಿಗೆ ತಿಳಿಸಿದಳು. ಆಮೇಲೆ ಬಾಗಿಲು ಹಾಕಿಕೊಂಡು ಅತ್ತಳು.

ಮಾರನೆಯ ದಿನ ಆಡಳಿತಕ್ಕೆ ಪತ್ರ ಬರೆದಳು. 'ನಾನು ಸಮಯವನ್ನು ಕಡಿಮೆ ಮಾಡಿ ಬರೆದಿದ್ದೆ. ತಪ್ಪು ನನ್ನದು.' ಒಂದು ಪ್ರತಿಯನ್ನು ಮಂಜೇಶನಿಗೂ ಕಳಿಸಿದಳು. ಕೆಲಸ ಹೋದರೆ ಹೋಗಲಿ ಎನಿಸಿತ್ತು.

ನಾಲ್ಕನೇ ದಿನ ಕೌಂಟರಿನ ಮೇಲೆ ಯಾರೋ ಎರಡು ಲೋಟ ಕಾಫಿ ಇಟ್ಟರು.

ಅವಳು ತಲೆ ಎತ್ತಲಿಲ್ಲ. ಎತ್ತಿದರೆ ಕಣ್ಣೀರು ಬರುತ್ತಿತ್ತು.

"ಆಡಳಿತದವರು ಮತ್ತೆ ಅಳೀಬೇಕಂತೆ. ನನ್ನ ಕಳ್ಸಿದ್ದಾರೆ," ಎಂದ ಮಂಜೇಶ್. "ನನ್ನ ವಾಚಿನ ಲೆಕ್ಕಾನೂ ಅವತ್ತೇ ಕೊಡಬೇಕಿತ್ತು. ನಿಮ್ಮ ಮೇಲಿನ ಸಿಟ್ಟಿಗೆ ಕೊಡ್ಲಿಲ್ಲ. ಇದ್ರಲ್ಲಿ ಅರ್ಧ ತಪ್ಪು ನಂದು."

"ಇದನ್ನೂ ಅರ್ಧ ಅರ್ಧ ಹಂಚ್ಕೋಬೇಕಾ?" ಎನ್ನುವಾಗ ಅವಳ ದನಿ ಒಡೆಯಿತು. "ಬೆಳ್ಳಿಗೆ ಈ ಸಲ ಕಾಫಿ ಪಿಕ್ಕಿಂಗ್‌ಗೆ ಹೋಗಕ್ಕಾಗಲ್ಲ. ನಾನು ಏನು ಬರೆದ್ರೂ ಆ ಕೈ ಸರಿಹೋಗಲ್ಲ."

"ಹೋಗಲ್ಲ. ಭಾನುವಾರ ಅಮ್ಮತ್ತಿಗೆ ಹೋಗಿ ನೋಡ್ಕೊಂಡು ಬರೋಣ. ಇಬ್ರೂ."

ಅವಳು ತಲೆಯಾಡಿಸಿದಳು. ಅವನು ಹೊಸ ಹಾಳೆ ತೆಗೆದು, ಪೆನ್ನನ್ನು ಅವಳ ಕೈಗಿಟ್ಟ. ಆದರೆ ಪೆನ್ನನ್ನು ಬಿಡಲಿಲ್ಲ.

"ಒಂದು ಕೇಳ್ಲಾ? ನಾನು ಹೋದ್ಮೇಲೆ... ನನ್ನ ನೆನಪು ಎಷ್ಟು ದಿನ ಇತ್ತು?"

"ನಾಲ್ಕು ದಿನ."

"ಭವ್ಯಾ..." ಮೊದಲ ಸಲ ಅವನು ಹೆಸರು ಹಿಡಿದು ಕರೆದ. "ಕಮ್ಮಿ ಮಾಡಿ ಹೇಳ್ಬೇಡಿ."

ಅವಳು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

"ಎಂಟು ತಿಂಗಳು. ಒಂದು ದಿನಾನೂ ಬಿಟ್ಟಿಲ್ಲ."

"ನನ್ನ ಲೆಕ್ಕದಲ್ಲೂ ಅಷ್ಟೇ ಇದೆ," ಎಂದು ಅವನು ಸಕ್ಕರೆಯಿಲ್ಲದ ಲೋಟವನ್ನು ಅವಳ ಕಡೆಗೆ ಸರಿಸಿದ.