ಮಂತ್ರಿಯ ಬದಲು ಹಿಡಿದ ಕೈ

“ಇನ್ನೊಂದ್ಸಲ ಕೈ ಕುಲುಕೋಣ್ವಾ?” ಎಂದ ಆರಡಿ ಎತ್ತರದ ಲಂಬೂ. ಅವಳು ನಗುತ್ತಾ ಕೈ ಚಾಚಿದಳು. ಆ ನಗು ನೋಡಿ ಕ್ಯಾಮೆರಾ ಹಿಂದಿದ್ದ ಫೋಟೋಗ್ರಾಫರ್‌ಗೆ ಮೈಯೆಲ್ಲಾ ಉರಿದುಹೋಯಿತು.

ಅದೇನೂ ಸರಸವಲ್ಲ ಬಿಡಿ, ಸರ್ಕಾರಿ ಕೆಲಸ. ವರ್ಷಗಟ್ಟಲೆ ಹಾವು ಮುಂಗುಸಿಯಂತಿದ್ದ ಎರಡು ದೇಶಗಳು ನಾಳೆ ರಾಜಿಯಾಗಲಿದ್ದವು. ಬೀಗ ಬಿದ್ದಿದ್ದ ರಾಯಭಾರ ಕಚೇರಿಗಳು ತೆರೆಯಲಿದ್ದವು. ಮಂತ್ರಿಗಳು ಕೈಕುಲುಕುವಾಗ ಎಲ್ಲಿ ನಿಲ್ಲಬೇಕು, ಬೆಳಕು ಎಲ್ಲಿಂದ ಬೀಳಬೇಕು ಎಂದು ಇವತ್ತೇ ತಾಲೀಮು. ಈ ಕಡೆಯ ಮಂತ್ರಿಯ ಜಾಗದಲ್ಲಿ ವಿದೇಶಾಂಗ ಕಚೇರಿಯ ಇವಳು, ಆ ಕಡೆಯ ಮಂತ್ರಿಯ ಜಾಗದಲ್ಲಿ ಅಲ್ಲಿಂದ ಬಂದ ಈ ಲಂಬೂ ಅಧಿಕಾರಿ.

ಇದೆಲ್ಲಾ ಫೋಟೋಗ್ರಾಫರ್‌ಗೆ ಗೊತ್ತಿತ್ತು. ಗೊತ್ತಿದ್ದರೆ ಹೊಟ್ಟೆಕಿಚ್ಚು ಆರುತ್ತದೆಯೇ? ರಾಜಿಯಾದರೆ ಅವಳಿಗೆ ಆ ದೇಶಕ್ಕೇ ವರ್ಗ. ಇವನೋ, ಪ್ರೀತಿಯ ಮಾತನ್ನು ಇನ್ನೂ ನಾಲಿಗೆ ತುದಿಯಲ್ಲೇ ಇಟ್ಟುಕೊಂಡಿದ್ದ. ಕೈಗೆ ಕೈ ತಾಗುವುದರೊಳಗೆ “ಸಾಕು, ಬಿಡಿ!” ಎಂದುಬಿಟ್ಟ.

“ಇದೇನ್ರೀ, ಪ್ರತಿ ಸಲ ಹಿಡಿಯೋಕೆ ಮುಂಚೆನೇ ಬಿಡಿ ಅಂತೀರ?” ಲಂಬೂ ಮುಖ ಗಂಟು ಹಾಕಿಕೊಂಡ. “ನಮ್ಮ ಮಂತ್ರಿಗಳನ್ನ ಮುಟ್ಟೋಕೂ ನಿಮ್ಮವರಿಗೆ ಇಷ್ಟ ಇಲ್ವಾ? ಹಾಗಿದ್ರೆ ಈಗಲೇ ನಮ್ಮೋರಿಗೆ ತಿಳಿಸ್ತೀನಿ.” ಫೋನ್ ತೆಗೆದೇಬಿಟ್ಟ.

ಮಾಡಲಿ! ಮಾತುಕತೆ ಮುರಿದರೆ ಅವಳು ಇಲ್ಲೇ ಉಳಿಯುತ್ತಾಳೆ. ಫೋಟೋಗ್ರಾಫರ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಹಾಳಾದ್ದು, ಅವಳ ಕಡೆ ನೋಡಿಬಿಟ್ಟ. ಈ ದಿನಕ್ಕಾಗಿ ಊಟ ನಿದ್ದೆ ಬಿಟ್ಟು ದುಡಿದವಳು ಬಿಳಿಚಿಕೊಂಡು ನಿಂತಿದ್ದಳು. ಅವನು ಕ್ಯಾಮೆರಾ ಹಿಂದಿನಿಂದ ತಲೆ ಎತ್ತಿದ.

“ಸರ್, ಇದರಲ್ಲಿ ದೇಶದ ತಪ್ಪೇನಿಲ್ಲ. ಎಲ್ಲಾ ನನ್ನ ಹೊಟ್ಟೆಕಿಚ್ಚು. ನೀವು ಇವಳ ಕೈ ಹಿಡಿಯೋದನ್ನ ನನ್ನಿಂದ ನೋಡೋಕಾಗ್ತಿಲ್ಲ.”

ಲಂಬೂ ಕಣ್ಣರಳಿಸಿದ. ಫೋನ್ ಜೇಬಿಗಿಳಿಸಿ, ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿ ನಿಂತ.

ಅವಳು ದಡದಡ ಕ್ಯಾಮೆರಾ ಬಳಿ ಬಂದಳು. ಕೆನ್ನೆ ಕೆಂಪಾಗಿದ್ದು ಕೋಪಕ್ಕೋ ನಾಚಿಕೆಗೋ ಅವಳಿಗೇ ತಿಳಿಯದು.

“ಇಷ್ಟು ದಿನ ಬಾಯಿಗೆ ಏನಾಗಿತ್ತೋ ನಿಂಗೆ?”

“ಹೇಳಿದ್ರೆ ಹೋಗ್ತಿರ್ಲಿಲ್ವಾ?”

“ಹೋಗೇ ಹೋಗ್ತಿದ್ದೆ. ಈಗಲೂ ಹೋಗ್ತೀನಿ.”

ಅವನ ಮುಖ ಸಪ್ಪಗಾಯಿತು.

“ಪೆದ್ದ! ಮಾತುಕತೆ ಮುರಿದ್ರೆ ಗಡಿ ಮುಚ್ಚೇ ಇರತ್ತೆ. ರಾಜಿಯಾದ್ರೆ ತಾನೇ ನೀನು ನನ್ನ ಹಿಂದೆ ಬರೋಕಾಗೋದು?”

“ಬಂದ್ರೆ... ಯಾರಪ್ಪ ನೀನು, ಅವಳಿಗೇನಾಗಬೇಕು ಅಂತ ಗಡಿ ಗೇಟಲ್ಲಿ ಕೇಳಲ್ವೇನೇ?”

“ಕೇಳ್ತಾರೆ. ಏನಂತೀಯ?” ಓರೆಗಣ್ಣಲ್ಲಿ ನೋಡಿದಳು.

“ಗಂಡ ಅಂತೀನಿ,” ಎಂದ, ಕಿಟಕಿಯ ಬಳಿ ನಿಂತವನಿಗೂ ಚೆನ್ನಾಗಿ ಕೇಳುವಷ್ಟು ಜೋರಾಗಿ.